ತಾಳೆ ಎಣ್ಣೆಗೆ ಓಟು ಹಾಕಿದ ದೇಶ

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಶೇಂಗಾ ಬೀಜೋಪಚಾರದ ಪ್ರಾತ್ಯಕ್ಷಿಕೆ ಮುಗಿಸಿ ವಾಚನಾಲಯದ ಕಟ್ಟೆಯ ಮೇಲೆ ಕುಳಿತಿದ್ದೆ. ಟ್ರೈಕೋಡರ್ಮಾ ಪುಡಿ ಇನ್ನೂ ಕೈಗೆ ಅಂಟಿತ್ತು. ಎಪ್ಪತ್ತರ ಆಸುಪಾಸಿನ ಯಜಮಾನರೊಬ್ಬರು ಪತ್ರಿಕೆ ಮಡಿಸಿಟ್ಟು ಕೇಳಿದರು:

"ಸಾರ್, ಬೀಜಕ್ಕೆ ಔಷಧಿ ಹಚ್ಚೋದು ಹೇಳಿಕೊಟ್ರಿ, ಸರಿ. ರೇಟಿಗೆ ರೋಗ ಬಂದ್ರೆ ಏನು ಹಚ್ಚಬೇಕು? ಪರದೇಶದ ಎಣ್ಣೆ ಒಳಗೆ ಬಿಡ್ರಿ ಅಂತ ಒಪ್ಪಂದ ಮಾಡ್ಕೊಂಡ್ರಂತಲ್ಲ, ನಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

"ಇಲ್ಲ ಯಜಮಾನ್ರೆ, ಕೇಳೋ ಪದ್ಧತಿ ನಮ್ಮಲ್ಲಿಲ್ಲ. ಕೇಳೋ ದೇಶ ಒಂದಿದೆ" ಎಂದೆ. ಸುತ್ತ ಕುಳಿತವರೆಲ್ಲ ಹತ್ತಿರ ಸರಿದರು. ಅಂದು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಆ ದೇಶ ಸ್ವಿಟ್ಜರ್‌ಲೆಂಡ್. 2021ರ ಮಾರ್ಚ್ 7ರಂದು ಅಲ್ಲಿನ ಮತದಾರರು ಮತಪೆಟ್ಟಿಗೆಯಲ್ಲಿ ತೀರ್ಮಾನ ಮಾಡಿದ್ದು ಯಾವುದೇ ಅಭ್ಯರ್ಥಿಯನ್ನಲ್ಲ, ಇಂಡೋನೇಷ್ಯಾದೊಡನೆ ಆದ ಒಂದು ವ್ಯಾಪಾರ ಒಪ್ಪಂದವನ್ನು. ಅದರಲ್ಲೂ ಜಗಳವೆಲ್ಲ ಒಂದೇ ವಸ್ತುವಿನ ಸುತ್ತ: ತಾಳೆ ಎಣ್ಣೆ. ನಮ್ಮ ಅಂಗಡಿಗಳಲ್ಲಿ ಪಾಮೋಲಿನ್ ಎಂದು ಸಿಗುತ್ತದಲ್ಲ, ಅದೇ.

ಮುಕ್ತ ವ್ಯಾಪಾರ ಒಪ್ಪಂದವೆಂದರೆ ಎರಡು ದೇಶಗಳೋ ಹಲವು ದೇಶಗಳೋ ಪರಸ್ಪರರ ಸರಕಿನ ಮೇಲೆ ಹಾಕುವ ಆಮದು ಸುಂಕವನ್ನು ತಗ್ಗಿಸಲು ಇಲ್ಲವೇ ತೆಗೆದುಹಾಕಲು ಮಾಡಿಕೊಳ್ಳುವ ಕರಾರು. ಹೇಳಿಕೆಗೆ ಒಂದು ಲೆಕ್ಕ ನೋಡಿ. ಬಂದರಿಗೆ ನೂರು ರೂಪಾಯಿಗೆ ಬಂದು ಇಳಿದ ಎಣ್ಣೆಗೆ ಶೇಕಡಾ 40 ಸುಂಕವಿದ್ದರೆ ಅದು ನೂರಾ ನಲವತ್ತಾಗಿ ಒಳಗೆ ಬರುತ್ತದೆ. ಶೇಕಡಾ 10 ಇದ್ದರೆ ನೂರಾ ಹತ್ತು. ನಡುವಿನ ಆ ಮೂವತ್ತು ರೂಪಾಯಿ ನಮ್ಮ ಹೊಲಕ್ಕೆ ಹಾಕಿದ ಬೇಲಿಯಿದ್ದಂತೆ. ಬೇಲಿ ಎಷ್ಟು ಎತ್ತರ ಇರಬೇಕು, ಯಾವ ಬೆಳೆಯ ಸುತ್ತ ಇರಬೇಕು ಎಂಬುದೇ ಮಾತುಕತೆಯ ವಿಷಯ.

ಎಂಟು ವರ್ಷದ ಚೌಕಾಸಿ

ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್ ಎಂಬ ನಾಲ್ಕು ದೇಶಗಳದು ಒಂದು ಕೂಟ. ಅದಕ್ಕೆ ಎಫ್ಟಾ ಎಂದು ಹೆಸರು. ಈ ಕೂಟ 2011ರಲ್ಲಿ ಇಂಡೋನೇಷ್ಯಾದೊಡನೆ ಮಾತುಕತೆ ಆರಂಭಿಸಿ 2018ರ ಡಿಸೆಂಬರ್ 16ರಂದು ಜಕಾರ್ತದಲ್ಲಿ ಸಹಿ ಹಾಕಿತು. ಸ್ವಿಸ್ ಕೈಗಾರಿಕೆಗಳಿಗೆ ತಮ್ಮ ಯಂತ್ರ, ಗಡಿಯಾರ, ಔಷಧಿಗಳು ಇಂಡೋನೇಷ್ಯಾಕ್ಕೆ ಸುಂಕವಿಲ್ಲದೆ ಹೋಗಬೇಕಿತ್ತು. ಇಂಡೋನೇಷ್ಯಾಕ್ಕೆ ತನ್ನ ತಾಳೆ ಎಣ್ಣೆ ಮಾರಬೇಕಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ತೆಗೆಯುವ ದೇಶ ಅದು.

ಅಡ್ಡಿ ಬಂದದ್ದು ಸ್ವಿಸ್ ರೈತರಿಂದ. ಅಲ್ಲಿನ ರೈತರೆಂದರೆ ದೊಡ್ಡ ಸಂಖ್ಯೆಯೇನಲ್ಲ. ಇಡೀ ದೇಶದಲ್ಲಿ 50 ಸಾವಿರಕ್ಕಿಂತ ಕಡಿಮೆ ಹಿಡುವಳಿಗಳು. ಸಾಸಿವೆ ಜಾತಿಗೆ ಸೇರಿದ ರೇಪ್ ಎಂಬ ಎಣ್ಣೆಕಾಳನ್ನೂ ಸೂರ್ಯಕಾಂತಿಯನ್ನೂ ಬೆಳೆಯುತ್ತಾರೆ. ತಾಳೆಯ ಎದುರು ಈ ಕಾಳುಗಳು ನಿಲ್ಲುವಂತಿಲ್ಲ. ಇದು ಕೃಷಿ ತಿಳಿದವರಿಗೆಲ್ಲ ಗೊತ್ತಿರುವ ಮಾತು: ಒಂದು ಹೆಕ್ಟೇರ್ ತಾಳೆ ತೋಟ ಚೆನ್ನಾಗಿದ್ದರೆ ಮೂರು ನಾಲ್ಕು ಟನ್ ಎಣ್ಣೆ ಕೊಡುತ್ತದೆ. ನಮ್ಮ ಮಳೆಯಾಶ್ರಯದ ಟಿ.ಎಂ.ವಿ.-2 ಶೇಂಗಾದಿಂದ ಅಷ್ಟೇ ಜಾಗದಲ್ಲಿ ಅರ್ಧ ಟನ್ನೂ ಬಾರದು. ಮಳೆ ಕೈಕೊಟ್ಟ ವರ್ಷದ ಮಾತು ಬೇಡವೇ ಬೇಡ.

ಸ್ವಿಸ್ ಪಾರ್ಲಿಮೆಂಟಿನಲ್ಲಿ ತಾಳೆ ಎಣ್ಣೆಯನ್ನು ಇಂಥ ಮಾತುಕತೆಗಳಿಂದ ಪೂರ್ತಿ ಹೊರಗಿಡಿ ಎಂಬ ಕೂಗೇ ಎದ್ದಿತು. ಪೂರ್ತಿ ಹೊರಗಿಡಲಿಲ್ಲ. ಆದರೆ ಕೊನೆಗೆ ಕಾಗದಕ್ಕೆ ಬಂದ ಷರತ್ತುಗಳನ್ನು ನೋಡಿ. ತಾಳೆ ಎಣ್ಣೆಯ ಸುಂಕ ತೆಗೆದುಹಾಕಲಿಲ್ಲ, ಶೇಕಡಾ 20ರಿಂದ 40ರಷ್ಟು ಮಾತ್ರ ತಗ್ಗಿಸಿದರು. ಆ ರಿಯಾಯಿತಿಯೂ ಮೊದಲ ವರ್ಷ 10,000 ಟನ್ನಿಗೆ ಮಾತ್ರ; ಐದು ವರ್ಷದಲ್ಲಿ ಅದು 12,500 ಟನ್ನಿಗೆ ಏರಿ ಅಲ್ಲಿಗೇ ನಿಲ್ಲಬೇಕು. ಕಾಡು ಕಡಿಯದೆ ಬೆಳೆದದ್ದು ಎಂಬ ಪ್ರಮಾಣಪತ್ರ ಇರಬೇಕು. ಎಣ್ಣೆ 22 ಟನ್ನಿನ ಟ್ಯಾಂಕುಗಳಲ್ಲೇ ಬರಬೇಕು. ದೊಡ್ಡ ಹಡಗಿನ ಹೊಟ್ಟೆಯಲ್ಲಿ ಹತ್ತು ತೋಟದ ಎಣ್ಣೆ ಬೆರೆತು ಬಂದರೆ ಯಾವುದು ಎಲ್ಲಿಯದು ಎಂದು ಹೇಳಲಾಗದು, ಅದಕ್ಕಾಗಿ ಈ ಕಟ್ಟು.

12,500 ಟನ್ ಎಂದರೆ ಎಷ್ಟು? ಭಾರತ ಈಚಿನ ವರ್ಷಗಳಲ್ಲಿ ತರಿಸುತ್ತಿರುವ ತಾಳೆ ಎಣ್ಣೆ ವರ್ಷಕ್ಕೆ 70 ಲಕ್ಷ ಟನ್ನಿಗೂ ಮೇಲೆ. ಅವರು ವರ್ಷಕ್ಕೆ ಕೊಟ್ಟ ರಿಯಾಯಿತಿಯ ಪ್ರಮಾಣ ನಮ್ಮ ಒಂದು ದಿನದ ಆಮದಿಗೂ ಸಮನಲ್ಲ. ಈ ಮಾತಿಗೆ ಕಟ್ಟೆಯ ಮೇಲಿದ್ದವರು ನಕ್ಕರು. ಯಜಮಾನರು ನಗಲಿಲ್ಲ.

ನೂರು ದಿನ, ಐವತ್ತು ಸಾವಿರ ರುಜು

ಸ್ವಿಸ್ ಕಾನೂನಿನಂತೆ ಪಾರ್ಲಿಮೆಂಟು ಇಂಥ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ನೂರು ದಿನದೊಳಗೆ 50 ಸಾವಿರ ಮತದಾರರು ರುಜು ಹಾಕಿಕೊಟ್ಟರೆ ಅದನ್ನು ಇಡೀ ದೇಶದ ಮತಕ್ಕೆ ಹಾಕಲೇಬೇಕು. ಪಾರ್ಲಿಮೆಂಟು 2019ರ ಡಿಸೆಂಬರಿನಲ್ಲಿ ಒಪ್ಪಿತು. ಜಿನೀವಾ ಕಡೆಯ ಒಬ್ಬ ಸಾವಯವ ದ್ರಾಕ್ಷಿ ಬೆಳೆಗಾರ ಮುಂದೆ ನಿಂತು ರುಜು ಸಂಗ್ರಹಕ್ಕೆ ಇಳಿದ. ಯೂನಿಟೆರ್ ಎಂಬ ಸಣ್ಣ ರೈತರ ಸಂಘ ಜೊತೆಗೂಡಿತು. ರುಜುಗಳು ಬೇಕಾದುದಕ್ಕಿಂತ ಹೆಚ್ಚೇ ಬಂದವು.

ಒಪ್ಪಂದದ ಪರ ನಿಂತ ಸಚಿವ ಗಿ ಪಾರ್ಮೆಲಾ. ಆ ವರ್ಷ ದೇಶದ ಅಧ್ಯಕ್ಷರೂ ಅವರೇ. ಅವರೂ ಮೂಲದಲ್ಲಿ ದ್ರಾಕ್ಷಿ ಬೆಳೆಗಾರರೇ! ಎರಡು ಕಡೆಯೂ ಮಣ್ಣು ಮುಟ್ಟಿದವರಿದ್ದರೆ ಚರ್ಚೆಗೆ ಬೇರೆಯದೇ ಕಳೆ ಬರುತ್ತದೆ. ವಿರೋಧಿಗಳು ಕಾಡು ಸುಡುವುದನ್ನೂ ತೋಟಗಳಿಗಾಗಿ ಅಲ್ಲಿನ ಸಣ್ಣ ಹಿಡುವಳಿದಾರರು ನೆಲ ಕಳೆದುಕೊಳ್ಳುವುದನ್ನೂ ಎತ್ತಿ ತೋರಿಸಿದರು. ಪ್ರಮಾಣಪತ್ರವನ್ನು ನಂಬುವುದು ಹೇಗೆ ಎಂದು ಕೇಳಿದರು. ಸರ್ಕಾರ, ಷರತ್ತು ಹಾಕಿದ ಒಪ್ಪಂದ ಷರತ್ತಿಲ್ಲದ ವ್ಯಾಪಾರಕ್ಕಿಂತ ಮೇಲು ಎಂದಿತು. ಇಂಡೋನೇಷ್ಯಾದಿಂದ ಸ್ವಿಟ್ಜರ್‌ಲೆಂಡಿಗೆ ನೇರವಾಗಿ ಬರುತ್ತಿದ್ದ ತಾಳೆ ಎಣ್ಣೆ ಆಗ ಅತ್ಯಲ್ಪವೆಂಬುದೂ ನಿಜ. ದೇಶದ ದೊಡ್ಡ ರೈತ ಸಂಘ ಪರವಾಗಿಯೇ ನಿಂತಿತು. ತನಗೆ ಬೇಕಾದ ಕಟ್ಟುಗಳು ಒಪ್ಪಂದದೊಳಗೆ ಬಂದಿದ್ದವಲ್ಲ.

ಮತದಾನಕ್ಕೆ ಮೊದಲು ಪ್ರತಿಯೊಬ್ಬ ಮತದಾರನಿಗೂ ಸರ್ಕಾರದ ಒಂದು ಕೈಪಿಡಿ ಅಂಚೆಯಲ್ಲಿ ಹೋಗುತ್ತದೆ. ಅದರಲ್ಲಿ ವಿರೋಧಿಗಳ ವಾದಕ್ಕೂ ಪುಟ ಬಿಟ್ಟಿರುತ್ತಾರೆ. ನನಗಂತೂ ಇಡೀ ಪದ್ಧತಿಯಲ್ಲಿ ಮೆಚ್ಚುಗೆಯಾದದ್ದು ಈ ಕೈಪಿಡಿಯೇ. ಓಟಿಗಿಂತ ಹೆಚ್ಚಾಗಿ.

ಫಲಿತಾಂಶ: ಒಪ್ಪಂದದ ಪರ ಶೇಕಡಾ 51.6. ಕೂದಲೆಳೆಯ ಅಂತರ. ಫ್ರೆಂಚ್ ಮಾತನಾಡುವ ಪಶ್ಚಿಮ ಭಾಗದಲ್ಲಿ ವಿರೋಧ ಬಲವಾಗಿತ್ತು. ಒಪ್ಪಂದ 2021ರ ನವೆಂಬರ್ 1ರಿಂದ ಜಾರಿಗೆ ಬಂತು.

ಹಾಗಾದರೆ ರುಜು ಹಾಕಿಸಿದ ಬೆಳೆಗಾರ ಸೋತನಲ್ಲ ಎಂದು ಒಬ್ಬ ಯುವಕ ಕೇಳಿದ. ಮತದಲ್ಲಿ ಸೋತ, ನಿಜ. ಮತಪತ್ರದಲ್ಲಿ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬಹುದು. ಟ್ಯಾಂಕು ಎಷ್ಟು ಟನ್ನಿನದಿರಬೇಕು ಎಂದು ಅಲ್ಲಿ ಬರೆಯಲಾಗದು. ಅದನ್ನು ಬರೆಸಿಕೊಳ್ಳುವುದು ಮಾತುಕತೆಯ ಮೇಜಿನ ಮೇಲೇ. ಆದರೆ ಒಂದು ದಿನ ಈ ಕಾಗದ ಜನರ ಮುಂದೆ ಹೋಗಬಹುದು ಎಂಬ ಅಂಜಿಕೆ ಇದ್ದುದರಿಂದಲೇ ಮೇಜಿನ ಮೇಲೆ ಕುಳಿತವರು ರೈತರ ಮಾತಿಗೆ ಅಷ್ಟು ಕಿವಿಗೊಟ್ಟರು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಹೇಗೆ?

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಒಂದು ವಿಚಿತ್ರವಿದೆ. ಕೇಂದ್ರ ಪಟ್ಟಿಯ 14ನೆಯ ಬಾಬು ಪರದೇಶಗಳೊಡನೆ ಒಪ್ಪಂದ. ರಾಜ್ಯ ಪಟ್ಟಿಯ 14ನೆಯ ಬಾಬು ಕೃಷಿ. ಎರಡಕ್ಕೂ ಅದೇ ನಂಬರು, ಕಚೇರಿಗಳು ಮಾತ್ರ ದೂರ ದೂರ. ಬೆಳೆ ರಾಜ್ಯದ್ದು, ಅದರ ಬೇಲಿ ದೆಹಲಿಯದು. ಕೇಂದ್ರ ವಾಣಿಜ್ಯ ಸಚಿವಾಲಯದ ಅಧಿಕಾರಿಗಳು ಮಾತುಕತೆ ನಡೆಸುತ್ತಾರೆ, ಸಚಿವ ಸಂಪುಟ ಒಪ್ಪುತ್ತದೆ, ಸಹಿ ಬೀಳುತ್ತದೆ. ಪಾರ್ಲಿಮೆಂಟಿನಲ್ಲಿ ಮತಕ್ಕೆ ಹಾಕಲೇಬೇಕೆಂಬ ನಿಯಮವಿಲ್ಲ. ಸುಂಕ ತಗ್ಗಿಸಲು 1962ರ ಕಸ್ಟಮ್ಸ್ ಕಾಯಿದೆಯಡಿ ಒಂದು ಅಧಿಸೂಚನೆ ಸಾಕು.

ಆಸಿಯಾನ್ ಎಂಬ, ಆಗ ಹತ್ತು ದೇಶಗಳಿದ್ದ ಆಗ್ನೇಯ ಏಷ್ಯಾದ ಕೂಟದೊಡನೆ ನಾವು ಸಹಿ ಹಾಕಿದ್ದು 2009ರ ಆಗಸ್ಟ್ 13ರಂದು. ಮಾತುಕತೆಗೆ ಆರು ವರ್ಷ ಹಿಡಿದಿತ್ತು. ಸುಂಕ ಕಡಿತದಿಂದ ಹೊರಗಿಡಬೇಕೆಂದು ನಾವು ಮೊದಲು ಕೊಟ್ಟ ಪಟ್ಟಿಯಲ್ಲಿ 1,400ಕ್ಕೂ ಹೆಚ್ಚು ಬಾಬುಗಳಿದ್ದವು. ಕೊನೆಗೆ ಉಳಿದದ್ದು 489. ತಾಳೆ ಎಣ್ಣೆ, ಕಾಫಿ, ಚಹಾ, ಕಾಳುಮೆಣಸು ಪೂರ್ತಿ ಹೊರಗೂ ಇಲ್ಲ, ಪೂರ್ತಿ ಒಳಗೂ ಇಲ್ಲ. ಅವುಗಳ ಬೇಲಿಯನ್ನು ವರ್ಷ ವರ್ಷ ಇಷ್ಟಿಷ್ಟು ಇಳಿಸುತ್ತ ಬರಬೇಕೆಂದಾಯಿತು. 2019ರ ಕೊನೆಗೆ ಕಚ್ಚಾ ತಾಳೆ ಎಣ್ಣೆಯ ಸುಂಕದ ಗರಿಷ್ಠ ಮಿತಿ ಶೇಕಡಾ 37.5ಕ್ಕೆ, ಶುದ್ಧೀಕರಿಸಿದ್ದರದು 45ಕ್ಕೆ, ಕಾಫಿಯದು 45ಕ್ಕೆ, ಮೆಣಸಿನದು 50ಕ್ಕೆ ಇಳಿಯಿತು. ಇದು ಮಿತಿ ಮಾತ್ರ. ಅದರ ಕೆಳಗೆ ಎಷ್ಟು ಬೇಕಾದರೂ ಇಳಿಸಲು ಸರ್ಕಾರ ಸ್ವತಂತ್ರ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಯ ಮೂಲ ಸುಂಕ ಸೊನ್ನೆಯಿಂದ ಶೇಕಡಾ 20ಕ್ಕೆ ಏರಿತು, 2025ರ ಮೇ ಕೊನೆಯಲ್ಲಿ 10ಕ್ಕೆ ಇಳಿಯಿತು. ಆದುದರಿಂದ ಎಣ್ಣೆ ಅಗ್ಗವಾದಾಗಲೆಲ್ಲ ಒಪ್ಪಂದವನ್ನೇ ದೂರುವುದು ಸರಿಯಲ್ಲ. ಪಟ್ಟಣದ ಅಡುಗೆ ಮನೆಯ ಖರ್ಚು ನೋಡಿ ಮಾಡಿದ ಕಡಿತಗಳೂ ಇರುತ್ತವೆ.

ಕೇರಳದಲ್ಲಿ ಆಸಿಯಾನ್ ಒಪ್ಪಂದದ ವಿರುದ್ಧ 2009ರ ಅಕ್ಟೋಬರ್ 2ರಂದು ಬಹು ಉದ್ದದ ಮಾನವ ಸರಪಳಿ ಕಟ್ಟಿದರು. ಸಹಿ ಬಿದ್ದು ಆಗಲೇ ಏಳು ವಾರವಾಗಿತ್ತು. ಒಪ್ಪಂದ 2010ರ ಜನವರಿ 1ರಂದು ಜಾರಿಗೆ ಬಂದೇ ಬಂತು. ಹತ್ತು ವರ್ಷದ ನಂತರ ಆರ್‌ಸಿಇಪಿ ಎಂಬ ಇನ್ನೂ ದೊಡ್ಡ ಒಪ್ಪಂದದ ಸರದಿ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಗತಿಯೇನು ಎಂದು ಹಾಲು ಒಕ್ಕೂಟಗಳೂ ರೈತ ಸಂಘಟನೆಗಳೂ ಸಹಿಗೆ ಮೊದಲೇ ದನಿಯೆತ್ತಿದವು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಸೇರುವುದಿಲ್ಲವೆಂದು ಹೇಳಿ ಹೊರಬಂತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ಹೊರಬರಲು ಹಾಲೊಂದೇ ಕಾರಣವಲ್ಲ, ಚೀನಾದ ಸರಕಿನ ಭಯವೂ ಇತ್ತು. ಆದರೂ ಹಾಲಿನವರ ಮಾತು ಸಮಯಕ್ಕೆ ಸರಿಯಾಗಿ ಮುಟ್ಟಿತ್ತು.

ಇನ್ನೊಂದು ಸಂಗತಿ. ಅದೇ ಎಫ್ಟಾ ಕೂಟ 2024ರ ಮಾರ್ಚ್ 10ರಂದು ನಮ್ಮೊಡನೆಯೂ ಒಪ್ಪಂದಕ್ಕೆ ಸಹಿ ಹಾಕಿತು. ಹೈನು ಮತ್ತು ಸೋಯಾವನ್ನು ನಮ್ಮವರು ಹೊರಗಿಟ್ಟರು. ನಮ್ಮಲ್ಲಿ ಸಂಪುಟದ ಒಪ್ಪಿಗೆಯೊಂದಿಗೆ ಕೆಲಸ ಮುಗಿಯಿತು. ಸ್ವಿಟ್ಜರ್‌ಲೆಂಡಿನಲ್ಲಿ ಮತ್ತೆ ಪಾರ್ಲಿಮೆಂಟು, ಮತ್ತೆ ನೂರು ದಿನದ ಗಡುವು. ಈ ಸಲ ಯಾರೂ ರುಜು ಒಪ್ಪಿಸಲಿಲ್ಲ. 2025ರ ಜುಲೈನಲ್ಲಿ ಗಡುವು ಕಳೆದು ಅಕ್ಟೋಬರ್ 1ರಿಂದ ಒಪ್ಪಂದ ಜಾರಿಯಾಯಿತು. ಅಂದರೆ ಭಾರತದೊಡನೆ ವ್ಯಾಪಾರ ಬೇಕೇ ಬೇಡವೇ ಎಂದು ಕೇಳುವ ಹಕ್ಕು ಜಿನೀವಾದ ದ್ರಾಕ್ಷಿ ಬೆಳೆಗಾರನಿಗಿತ್ತು, ಚಳ್ಳಕೆರೆಯ ಶೇಂಗಾ ಬೆಳೆಗಾರನಿಗಿರಲಿಲ್ಲ.

ಓಟಿಲ್ಲದವರು ಏನು ಮಾಡಬಹುದು? ಆಸಿಯಾನ್ ಒಪ್ಪಂದವನ್ನು ಮರುಪರಿಶೀಲಿಸಲು ಎರಡೂ ಕಡೆಯ ಸಚಿವರು 2022ರಲ್ಲಿ ಒಪ್ಪಿ, ಅನಂತರ ಹಲವು ಸುತ್ತು ಮಾತುಕತೆ ನಡೆದಿದೆ. ನಿಮ್ಮ ಅಹವಾಲನ್ನು ಸಹಕಾರ ಸಂಘದ ಮೂಲಕವೋ ಲೋಕಸಭಾ ಸದಸ್ಯರ ಮೂಲಕವೋ ವಾಣಿಜ್ಯ ಸಚಿವಾಲಯಕ್ಕೆ ಕಳಿಸಬಹುದು. ಬರೀ "ಎಣ್ಣೆ ಬಿಡಬೇಡಿ" ಎಂದು ಬರೆದರೆ ಕಡತದಲ್ಲಿ ಮಲಗುತ್ತದೆ. ಎಕರೆಗೆ ಬೀಜ, ಗೊಬ್ಬರ, ಕಳೆ, ಕೀಳುವ ಕೂಲಿ ಎಷ್ಟಾಯಿತು, ಎಷ್ಟು ಕ್ವಿಂಟಲ್ ಬಂತು, ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಹೋಯಿತು, ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಎಷ್ಟಿತ್ತು, ಇದನ್ನು ಮೂರು ವರ್ಷದ್ದು ಒಟ್ಟಿಗೆ ಬರೆಯಬೇಕು. ಮಾರಾಟದ ಚೀಟಿಯ ನಕಲು ಲಗತ್ತಿಸಿದರೆ ಇನ್ನೂ ಒಳ್ಳೆಯದು.

ಯಜಮಾನರು ಮರುವಾರವೇ ರೈತ ಸಂಪರ್ಕ ಕೇಂದ್ರಕ್ಕೆ ಬಂದರು. ಮೊಮ್ಮಗಳ ಶಾಲೆಯ ನೋಟ್‌ಬುಕ್ಕಿನ ಹಾಳೆಗಳಲ್ಲಿ ಎರಡು ವರ್ಷದ ಲೆಕ್ಕ ಬರೆಸಿ ತಂದಿದ್ದರು. ಮೂರನೆಯ ವರ್ಷದ ಮಂಡಿ ಚೀಟಿ ಸಿಕ್ಕಿಲ್ಲವಂತೆ. ಮನೆಯ ಅಟ್ಟ ಹುಡುಕಿಸುತ್ತಿದ್ದಾರೆ.