ಬೆರಕೆ, ತುಕ್ಕು, ಕಸಿ: ದಂತಲೋಹಗಳ ಗುಣವಿಚಾರ ಮತ್ತು ಕನ್ನಡ ಪದಗಳ ಅರ್ಥಭಾರ

ಲೋಹಗಳನ್ನು ಕುರಿತ ಕನ್ನಡದ ಪದಸಂಪತ್ತು ಬಹುಮಟ್ಟಿಗೆ ಕಮ್ಮಾರನ ಕುಲುಮೆ, ಅಕ್ಕಸಾಲಿಗನ ಅಗ್ಗಿಷ್ಟಿಕೆ ಮತ್ತು ಅಡುಗೆಮನೆಯ ಪಾತ್ರೆಗಳ ನಡುವೆ ಬೆಳೆದುದಾಗಿದೆ. ಈ ಪದಗಳು ವಸ್ತುವನ್ನು ವರ್ಣಿಸುವುದರ ಜೊತೆಗೆ ಅದರ ಯೋಗ್ಯತೆಯನ್ನೂ ನಿರ್ಣಯಿಸುತ್ತವೆ. 'ಅಪ್ಪಟ' ಎಂದರೆ ಒಳ್ಳೆಯದು, 'ಬೆರಕೆ' ಎಂದರೆ ಮೋಸ, 'ತುಕ್ಕು' ಎಂದರೆ ನಾಶ. ಇದೇ ಪದಗಳೊಡನೆ ರೋಗಿಯೊಬ್ಬ ದಂತವೈದ್ಯರ ಎದುರು ಕುಳಿತಾಗ ಅರ್ಥದ ತೊಡಕು ಆರಂಭವಾಗುತ್ತದೆ. ಗೋಕಾಕ-ಮೂಡಲಗಿ ಸೀಮೆಯ ತುಕ್ಕಾನಟ್ಟಿಯಂತಹ ಊರಿನವರು ಹೆಚ್ಚಿನ ದಂತಚಿಕಿತ್ಸೆಗೆ ಬೆಳಗಾವಿಯತ್ತ ನೋಡಬೇಕು. ಅಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತವೈದ್ಯಕೀಯ ಮಹಾವಿದ್ಯಾಲಯ 1985ರಿಂದ ಇದೆ. ಆದರೆ ಬಾಯಿಯೊಳಗೆ ಕೂರಿಸುವ ಲೋಹ ಯಾವುದು, ಅದೇಕೆ ಎಂಬುದನ್ನು ತಿಳಿದು ಒಪ್ಪಿಗೆ ನೀಡಲು ರೋಗಿಗೆ ದೊರೆಯುವ ಭಾಷೆ ಯಾವುದು?

ಮೊದಲಿಗೆ 'ಬೆರಕೆ'. 24 ಕ್ಯಾರೆಟ್ಟಿನ ಅಪ್ಪಟ ಚಿನ್ನ ಹಲ್ಲಿನ ಕವಚಕ್ಕೆ ಬಾರದು. ಅದು ಅಷ್ಟು ಮೃದು. ದವಡೆಹಲ್ಲುಗಳ ನಡುವೆ ಬಲವಾಗಿ ಕಚ್ಚಿದಾಗ ಬೀಳುವ ಒತ್ತಡ ಹಲವರಲ್ಲಿ 500 ನ್ಯೂಟನ್ನುಗಳನ್ನು ಮೀರುತ್ತದೆ. ಆದ್ದರಿಂದಲೇ ಚಿನ್ನಕ್ಕೆ ತಾಮ್ರ, ಬೆಳ್ಳಿ, ಪಲ್ಲೇಡಿಯಂ, ಪ್ಲಾಟಿನಂಗಳನ್ನು ಕೂಡಿಸಿ ಗಡಸುತನ ತರಿಸುತ್ತಾರೆ. ಅಮೆರಿಕದ ದಂತವೈದ್ಯ ಸಂಘದ 1984ರ ವರ್ಗೀಕರಣದಲ್ಲಿ ಅತ್ಯುನ್ನತ ದರ್ಜೆಯ ಮಿಶ್ರಲೋಹಕ್ಕೂ ಬೇಕಾದ ಚಿನ್ನ ತೂಕದಲ್ಲಿ ಶೇ. 40 ಮಾತ್ರ, ಚಿನ್ನವೂ ಸೇರಿ ಶ್ರೇಷ್ಠ ಲೋಹಗಳ ಒಟ್ಟು ಪಾಲು ಶೇ. 60 ಇರಬೇಕು. ಹೀಗಾಗಿ 'ಬೆರಕೆ ಚಿನ್ನವೇ?' ಎಂದು ಅನುಮಾನದಿಂದ ಕೇಳುವ ರೋಗಿಗೆ 'ಹೌದು' ಎಂಬ ಪ್ರಾಮಾಣಿಕ ಉತ್ತರವೇ ಮೋಸದ ಒಪ್ಪಿಗೆಯಂತೆ ಕೇಳಿಸುತ್ತದೆ. ಪಠ್ಯಪುಸ್ತಕದ 'ಮಿಶ್ರಲೋಹ' ಈ ಕಳಂಕದಿಂದ ಮುಕ್ತವಾದರೂ ಆಡುಮಾತಿನಿಂದ ದೂರ ನಿಂತಿದೆ. ಕಂಚು, ಹಿತ್ತಾಳೆಗಳೂ ಬೆರಕೆಗಳೇ ಎಂಬುದನ್ನು ನೆನಪಿಸುವುದು ಬಹುಶಃ ಇದಕ್ಕಿಂತ ಹತ್ತಿರದ ದಾರಿ: ತವರ ಕೂಡದೆ ತಾಮ್ರವು ಗಂಟೆಯ ಕಂಚಾಗದು.

'ತುಕ್ಕಿ'ನ ವಿಚಾರ ಇನ್ನೂ ಸೂಕ್ಷ್ಮವಾದುದು. ಕಬ್ಬಿಣಕ್ಕೆ ತುಕ್ಕು (ಬೆಳಗಾವಿ ಸೀಮೆಯ ಮಾತಿನಲ್ಲಿ ಜಂಗು), ತಾಮ್ರ-ಹಿತ್ತಾಳೆಗಳಿಗೆ ಕಿಲುಬು ಎಂದು ಕನ್ನಡ ಲೋಹಕ್ಕೊಂದು ಪದವನ್ನು ಇಟ್ಟುಕೊಂಡಿದೆ. ಶಾಸ್ತ್ರಗ್ರಂಥಗಳ 'ಸಂಕ್ಷಾರಣ' ಇವೆಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಆದರೆ ಈ ಯಾವ ಪದದಲ್ಲಿಯೂ ಕಾಪಾಡುವ ತುಕ್ಕು ಎಂಬ ಕಲ್ಪನೆಗೆ ಸ್ಥಳವಿಲ್ಲ. ಬಾಯಿಯ ಲೋಹವಿಜ್ಞಾನ ನಿಂತಿರುವುದಾದರೂ ಅದರ ಮೇಲೆಯೇ. ಟೈಟಾನಿಯಂ ಗಾಳಿಗೆ ತೆರೆದುಕೊಂಡ ಕ್ಷಣದಲ್ಲಿಯೇ ಆಮ್ಲಜನಕವನ್ನು ಸೆಳೆದುಕೊಂಡು, ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರವನ್ನು ಹೊದೆಯುತ್ತದೆ. ಕಬ್ಬಿಣದ ತುಕ್ಕು ಸಡಿಲವಾಗಿ ಉದುರಿ ಒಳಗಿನ ಲೋಹವನ್ನು ಬಯಲು ಮಾಡಿದರೆ, ಈ ಪದರ ಬಿಗಿಯಾಗಿ ಅಂಟಿ ಮುಂದಿನ ಕ್ರಿಯೆಯನ್ನು ತಡೆಯುತ್ತದೆ. ಗೀಚಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕೋಬಾಲ್ಟ್-ಕ್ರೋಮಿಯಂ ಮತ್ತು ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಗಳಲ್ಲಿ ಈ ಕೆಲಸ ಕ್ರೋಮಿಯಂನದು. ಹುಳಿಯ ಜೊತೆ ಫ್ಲೋರೈಡ್ ಸೇರಿದರೆ ಟೈಟಾನಿಯಂನ ಪದರವೂ ಕರಗಬಹುದು. ಆದುದರಿಂದ ಇಂತಹ ಹಲ್ಲುಳ್ಳವರಿಗೆ ಆಮ್ಲೀಯ ಫ್ಲೋರೈಡ್ ಲೇಪನಗಳನ್ನು ಬಳಸುವಾಗ ಎಚ್ಚರ ಬೇಕು.

ಹುಳುಕು ತುಂಬಲು ಬಳಸುತ್ತ ಬಂದ ಅಮಾಲ್ಗಮ್ ಇನ್ನೊಂದು ವಿಚಿತ್ರ. ಬೆಳ್ಳಿ, ತವರ, ತಾಮ್ರದ ಪುಡಿಗೆ ಸರಿಸುಮಾರು ಅಷ್ಟೇ ತೂಕದ ಪಾದರಸ ಬೆರೆಸಿ ಮಾಡುವ ಈ ತುಂಬಣಿಯ ಅಂಚಿನಲ್ಲಿ ಉಂಟಾಗುವ ತುಕ್ಕೇ ಕಾಲಾಂತರದಲ್ಲಿ ಸಂದುಗಳನ್ನು ಮುಚ್ಚುತ್ತದೆ. ಅದರ ಬಳಕೆ ಕುಗ್ಗುತ್ತಿರುವುದಕ್ಕೆ ಪಾದರಸದಿಂದ ಪರಿಸರಕ್ಕಾಗುವ ಹಾನಿ ಒಂದು ಮುಖ್ಯ ಕಾರಣ. 2013ರ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿತು.

ಪದದ ಕೊರತೆ ದೇಹಕ್ಕೆ ನೇರವಾಗಿ ತಟ್ಟುವುದು ನಿಕ್ಕಲ್ ವಿಷಯದಲ್ಲಿ. ಅಗ್ಗದ ಕವಚಗಳಲ್ಲಿ ಬಳಕೆಯಾಗುವ ನಿಕ್ಕಲ್-ಕ್ರೋಮಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಿಕ್ಕಲ್. ಕೆಲವರ ಚರ್ಮಕ್ಕೆ, ವಿಶೇಷವಾಗಿ ಕಿವಿ ಚುಚ್ಚಿಸಿಕೊಂಡ ಹೆಂಗಸರಿಗೆ, ಅದು ಒಗ್ಗದು. 'ಅಲರ್ಜಿ ಇದೆಯೇ?' ಎಂಬ ಪ್ರಶ್ನೆಗೆ ಹಳ್ಳಿಯ ಹೆಣ್ಣುಮಗಳು 'ಇಲ್ಲ' ಎಂದೇ ಉತ್ತರಿಸುವ ಸಂಭವ ಹೆಚ್ಚು. 'ಸಾದಾ ಓಲೆ ಹಾಕಿದರೆ ಕಿವಿಗೆ ತಿಂಡಿ ಬಿಡುತ್ತದೆಯೇ?' ಎಂದು ಕೇಳಿದರೆ ಉತ್ತರ ಬೇರೆಯಾದೀತು. ದಕ್ಷಿಣದಲ್ಲಿ ತಿನಿಸಾಗಿರುವ 'ತಿಂಡಿ' ಉತ್ತರದಲ್ಲಿ ತುರಿಕೆಯೆಂಬುದನ್ನು ಅರಿಯದ ವೈದ್ಯರಿಗೆ ಈ ಪ್ರಶ್ನೆ ಹೊಳೆಯಲಾರದು. ಇಲ್ಲಿ ಉಪಭಾಷಾ ಅಧ್ಯಯನ ಚಿಕಿತ್ಸೆಯ ಒಂದು ಅಂಗವೇ ಆಗುತ್ತದೆ.

ಕೊನೆಯದು 'ಕಸಿ'. ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಎಲುಬಿನಲ್ಲಿಟ್ಟ ಟೈಟಾನಿಯಂ ಉಪಕರಣ ಎಲುಬಿಗೇ ಬೆಸೆದುಕೊಂಡುದನ್ನು ಕಂಡರು. 1965ರಲ್ಲಿ ಅದನ್ನು ಮನುಷ್ಯನ ದವಡೆಗೆ ಅಳವಡಿಸಿದರು. ಇಂದು ಶುದ್ಧ ಟೈಟಾನಿಯಂ ಜೊತೆಗೆ ಶೇ. 6 ಅಲ್ಯೂಮಿನಿಯಂ, ಶೇ. 4 ವನೇಡಿಯಂ ಸೇರಿದ ಮಿಶ್ರಲೋಹವೂ ಬಳಕೆಯಲ್ಲಿದೆ. ಇದರ ಬಿಗುಪು ಸುಮಾರು 110 ಗಿಗಾಪಾಸ್ಕಲ್. ಕೋಬಾಲ್ಟ್-ಕ್ರೋಮಿಯಂನದು 200ಕ್ಕೂ ಮೇಲು. ಗಟ್ಟಿ ಎಲುಬಿನದು 10ರಿಂದ 20ರಷ್ಟು. ಜೋಡೆತ್ತಿನಲ್ಲಿ ಒಂದೇ ಎತ್ತು ಭಾರವೆಲ್ಲವನ್ನೂ ಎಳೆದರೆ ಇನ್ನೊಂದು ಸೊರಗುವಂತೆ, ಅತಿ ಬಿಗುಪಿನ ಲೋಹದ ಪಕ್ಕದಲ್ಲಿ ಕೆಲಸವಿಲ್ಲದ ಎಲುಬು ಸವೆಯುತ್ತದೆ.

ಈ ಅಳವಡಿಕೆಗೆ ಪತ್ರಿಕೆಗಳು 'ದಂತ ಕಸಿ' ಎನ್ನುತ್ತಿವೆ. ಕೃಷಿ ವಿಜ್ಞಾನ ಕೇಂದ್ರವಿರುವ ತುಕ್ಕಾನಟ್ಟಿಯ ರೈತನಿಗೆ ಕಸಿಯೆಂದರೆ ಮಾವಿನ ಗಿಡ: ಎರಡೂ ಜೀವಂತ, ಎರಡರ ರಸವೂ ಒಂದಾಗಿ ಹರಿಯುತ್ತದೆ. ಕಾಯುವ ಮಟ್ಟಿಗೆ ಈ ಹೋಲಿಕೆ ಒಪ್ಪುತ್ತದೆ; ಮೂಲ ಪದ್ಧತಿಯಲ್ಲಿ ಕೆಳದವಡೆಗೆ ಮೂರು, ಮೇಲ್ದವಡೆಗೆ ಆರು ತಿಂಗಳು ಅಲುಗಾಟವಿಲ್ಲದೆ ಬಿಡಬೇಕಿತ್ತು. ಮುಂದೆ ಅದು ದಾರಿ ತಪ್ಪಿಸುತ್ತದೆ. ಸಹಜ ಹಲ್ಲಿನ ಬೇರನ್ನು ಸುತ್ತುವರಿದು ಒತ್ತಡವನ್ನು ಅರಿಯುವ ನಾರುಪದರ ಈ ಲೋಹದ ಬೇರಿಗಿಲ್ಲ. ಕಬ್ಬು ಸಿಗಿಯುವಾಗ ಎಷ್ಟು ಬಲ ಬಿತ್ತೆಂದು ನಿಜವಾದ ಹಲ್ಲು ಎಚ್ಚರಿಸುವಷ್ಟು ಸೂಕ್ಷ್ಮವಾಗಿ 'ಕಸಿ'ಯ ಹಲ್ಲು ಎಚ್ಚರಿಸಲಾರದು.