ಎಳೆಯಲೂ ಶಕ್ತಿ, ಬಿಡಲೂ ಶಕ್ತಿ

ಬಾವಿಯಿಂದ ನೀರು ಸೇದುವವರನ್ನು ಗಮನಿಸಿದ್ದೀರಾ? ಒಂದು ಕೈ ಹಗ್ಗವನ್ನು ಹಿಡಿದೆಳೆಯುತ್ತದೆ. ಅದು ಹಿಡಿತ ಸಡಿಲಿಸುವಷ್ಟರಲ್ಲಿ ಇನ್ನೊಂದು ಕೈ ಮುಂದಕ್ಕೆ ಚಾಚಿ ಹಿಡಿದಿರುತ್ತದೆ. ಎರಡೂ ಒಮ್ಮೆಲೇ ಬಿಟ್ಟರೆ ಕೊಡ ಬಾವಿಯ ಪಾಲು. ಎರಡೂ ಬಿಡದೆ ಹಿಡಿದು ನಿಂತರೆ ಕೊಡ ಮೇಲಕ್ಕೆ ಬಾರದು. ಹಗ್ಗ ಸೇದುವ ಆ ತೋಳಿನ ಸ್ನಾಯುಗಳೊಳಗೂ ಇದೇ ಕೆಲಸ ಕೋಟ್ಯಂತರ ಸೂಕ್ಷ್ಮ ಹಸ್ತಗಳಿಂದ ನಡೆಯುತ್ತಿರುತ್ತದೆ ಎಂದರೆ ಆಶ್ಚರ್ಯವಾಗದಿರದು.

ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿಜ್ಞಾನಿಗಳಿಗೆ ಪರಿಚಿತವಾಗಿತ್ತು. ಆದರೆ ಅದರ ಜೊತೆಗಾರನು ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಡುವೆ, ಹಂಗೆರಿಯ ಸೆಗೆಡ್ ನಗರದಲ್ಲಿ. 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದ ಆಲ್ಬರ್ಟ್ ಸೆಂಟ್ ಜಾರ್ಜಿ ಅಲ್ಲಿ ಸ್ನಾಯುವಿನ ಪ್ರೋಟೀನುಗಳಿಂದ ಸಣ್ಣ ದಾರಗಳನ್ನು ತಯಾರಿಸಿ, ಅವುಗಳ ಮೇಲೆ ಸ್ನಾಯುವನ್ನು ಕುದಿಸಿ ತೆಗೆದ ರಸವನ್ನು ಹಾಕಿದರು. ಜೀವವಿಲ್ಲದ ಆ ದಾರಗಳು ಅವರ ಕಣ್ಣೆದುರಿಗೇ ಮುದುಡಿಕೊಂಡವು! ರಸದಲ್ಲಿದ್ದ ಮುಖ್ಯ ವಸ್ತು, ಜೀವಕೋಶಗಳಿಗೆ ಶಕ್ತಿ ಒದಗಿಸುವ ಎ.ಟಿ.ಪಿ. ಆದರೆ ಶುದ್ಧ ಮಯೋಸಿನ್ನಿನ ದಾರಗಳು ಹೀಗೆ ಮುದುಡಲಿಲ್ಲ. ಮುದುಡಿದ ದಾರಗಳಲ್ಲಿ ಇನ್ನೊಂದು ಪ್ರೋಟೀನೂ ಬೆರೆತಿತ್ತು. ಅವರ ಸಹೋದ್ಯೋಗಿ ಸ್ಟ್ರಾಬ್ ಅದನ್ನು ಬೇರ್ಪಡಿಸಿದರು. ಅದಕ್ಕೆ ಆಕ್ಟಿನ್ ಎಂದು ಹೆಸರಾಯಿತು. ಒಂಟಿಯಾಗಿದ್ದಾಗ ಎರಡೂ ನಿಷ್ಕ್ರಿಯ, ಜೊತೆಗೂಡಿದರೆ ಚಲನೆ.

ಇವು ಜೊತೆಗೂಡಿ ದುಡಿಯುವ ಬಗೆ ಹೇಗೆ? ಎಳೆಗಳು ಸುರುಳಿ ಸುತ್ತಿ ಗಿಡ್ಡವಾಗುತ್ತವೆ ಎಂದು ಅನೇಕರು ಭಾವಿಸಿದ್ದರು. 1954ರ ಮೇ 22ರ 'ನೇಚರ್' ಪತ್ರಿಕೆಯಲ್ಲಿ ಎರಡು ಲೇಖನಗಳು ಒಟ್ಟಿಗೆ ಪ್ರಕಟವಾಗಿ ಈ ಭಾವನೆಯನ್ನು ಬದಲಿಸಿದವು. ಒಂದನ್ನು ಬರೆದವರು ಆಂಡ್ರ್ಯೂ ಹಕ್ಸ್ಲಿ ಮತ್ತು ನೀಡರ್ಗರ್ಕೆ; ಇನ್ನೊಂದನ್ನು ಬರೆದವರು ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್. ಹೆಸರೊಂದೇ ಆದರೂ ಹಕ್ಸ್ಲಿಗಳಿಬ್ಬರೂ ಬಂಧುಗಳಲ್ಲ. ಸ್ನಾಯು ಸಂಕುಚಿಸಿದಾಗ ಮಯೋಸಿನ್ನಿನ ದಪ್ಪ ಎಳೆಗಳಿರುವ ಪಟ್ಟೆ ಗಿಡ್ಡವಾಗುವುದಿಲ್ಲವೆಂದು ಎರಡೂ ತಂಡಗಳು ಕಂಡುಕೊಂಡವು. ಎಳೆಗಳು ಕುಗ್ಗುವುದಿಲ್ಲ, ಆಕ್ಟಿನ್ನಿನ ತೆಳು ಎಳೆಗಳು ದಪ್ಪ ಎಳೆಗಳ ನಡುವೆ ಜಾರಿ ಒಳಸೇರುತ್ತವೆ, ಅಷ್ಟೆ.

ಹೀಗೆ ಜಾರಿಸುವ ಹಸ್ತಗಳು ಮಯೋಸಿನ್ನಿನವು. ಒಂದೊಂದು ದಪ್ಪ ಎಳೆಯಲ್ಲಿ ಸುಮಾರು 300 ಮಯೋಸಿನ್ ಅಣುಗಳಿರುತ್ತವೆ; ಪ್ರತಿಯೊಂದಕ್ಕೂ ಎರಡು ತಲೆಗಳು. ತಲೆ ಆಕ್ಟಿನ್ನನ್ನು ಹಿಡಿದು ಬಾಗಿ ಎಳೆಯುತ್ತದೆ. ಆ ಒಂದು ಎಳೆತದ ದೂರ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ಹೆಚ್ಚೇನೂ ಇರದು. ಎಲ್ಲ ತಲೆಗಳೂ ಒಟ್ಟಿಗೆ ಎಳೆಯುವುದಿಲ್ಲ. ಕೆಲವು ಹಿಡಿದಿರುವಾಗ ಕೆಲವು ಬಿಡುತ್ತವೆ. ಎಳೆತ ಯಾವಾಗ ಆರಂಭವಾಗಬೇಕೆಂಬುದಕ್ಕೆ ಕಾವಲೂ ಉಂಟು. ವಿಶ್ರಾಂತಿಯಲ್ಲಿ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಆಕ್ಟಿನ್ನಿನ ಹಿಡಿಗಳನ್ನು ಮರೆಮಾಡಿರುತ್ತದೆ. ನರದ ಆಜ್ಞೆ ಬಂದಾಗ ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಬಿಡುಗಡೆಯಾಗಿ ಟ್ರೋಪೋನಿನ್ನಿಗೆ ಅಂಟಿದೊಡನೆ ಆ ಮರೆ ಸರಿಯುತ್ತದೆ. ಟ್ರೋಪೋನಿನ್ನನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಎಬಾಶಿ ಮತ್ತು ಸಂಗಡಿಗರು.

ಇನ್ನು ಎ.ಟಿ.ಪಿ.ಯ ಪಾತ್ರ. ಅದರ ಅಣು ಬಂದು ಸೇರಿದಾಗಲೇ ಮಯೋಸಿನ್ ತನ್ನ ಹಿಡಿತವನ್ನು ಬಿಡುವುದು. ಆ ಅಣು ಒಡೆದಾಗ ದೊರೆತ ಶಕ್ತಿಯಿಂದಲೇ ಮುಂದಿನ ಎಳೆತಕ್ಕೆ ಸಿದ್ಧವಾಗುವುದು. ಮನೆಯಲ್ಲಿ ಸಾವನ್ನು ಕಂಡವರು ಇದರ ಅರ್ಥವನ್ನು ಅರಿಯದೆಯೇ ಅರಿತಿರುತ್ತಾರೆ. ಕೈಕಾಲುಗಳನ್ನು ಬೇಗ ನೇರ ಮಾಡಿರೆಂದು ಹಿರಿಯರು ಅವಸರಪಡಿಸುವುದುಂಟು. ಉಸಿರು ನಿಂತ ಮೇಲೆ ಎ.ಟಿ.ಪಿ. ಮುಗಿದುಹೋಗುತ್ತದೆ, ಹಿಡಿದ ಹಸ್ತಗಳು ಹಿಡಿದಂತೆಯೇ ಉಳಿಯುತ್ತವೆ, ಕೆಲವೇ ಗಂಟೆಗಳಲ್ಲಿ ದೇಹ ಸೆಟೆಯುತ್ತದೆ. ಅದು ಬಲದ ಬಿಗಿತವಲ್ಲ, ಬಿಡಲಾರದ ಬಿಗಿತ.

ನಮ್ಮ ಹೃದಯವು ದಿನಕ್ಕೆ ಸುಮಾರು 1 ಲಕ್ಷ ಸಲ ಸಂಕುಚಿಸುತ್ತದೆ. ಅಷ್ಟೇ ಸಲ ಸಡಿಲುತ್ತದೆ. ಸಡಿಲಿದಾಗಲೇ ಅದರೊಳಗೆ ರಕ್ತ ತುಂಬಿಕೊಳ್ಳುವುದು. ಈ ಸಾಲನ್ನು ನೀವು ಓದುತ್ತಿರುವಾಗಲೂ ಅದು ಹಿಡಿಯುತ್ತಿದೆ, ಬಿಡುತ್ತಿದೆ.