ಬೆಳಕಿನ ಲೆಕ್ಕ

ಮುಂಬಯಿಯ ಚಾಳಿನ ಕೋಣೆಯಲ್ಲಿ ಓದುವ ಗೆಳೆಯರು “ಬೆಳಕು ಸಾಲದು, ದೊಡ್ಡ ಬಲ್ಬು ಬೇಕು” ಅಂತಾರೆ. ಮೊದಲು ಲೆಕ್ಕ ನೋಡಿ ಅಂತೀನಿ ನಾನು. ವ್ಯಾಟ್ ಎಂದರೆ ದೀಪ ತಿನ್ನುವ ವಿದ್ಯುತ್ತಿನ ಅಳತೆ. ದೀಪ ಕೊಡುವ ಬೆಳಕಿನ ಅಳತೆ ಲ್ಯೂಮೆನ್; ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು 1 ಲಕ್ಸ್. ಓದುವವನಿಗೆ ಬೇಕಾದದ್ದು ಪುಟದ ಮೇಲಿನ ಲಕ್ಸು.

ಪುಟದಿಂದ 2 ಮೀಟರ್ ಮೇಲಿದ್ದ ಬಲ್ಬನ್ನು 1 ಮೀಟರಿಗೆ ಇಳಿಸಿದರೆ ಅದರಿಂದ ನೇರ ಬೀಳುವ ಬೆಳಕು ಎರಡಲ್ಲ, ನಾಲ್ಕು ಪಟ್ಟು!

ಇನ್ನು ಗೋಡೆ. ಹೊಸ ಸುಣ್ಣದ ಗೋಡೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80ರಷ್ಟನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಮಸಿ ಹಿಡಿದ ಗೋಡೆ ಬಹುಪಾಲು ನುಂಗಿಬಿಡುತ್ತೆ. ನುಣುಪು ಕಾಗದ ಒಂದೇ ಕಡೆಗೆ ಎಸೆದು ಕಣ್ಣು ಕುಕ್ಕುತ್ತದೆ. ನಮ್ಮ ಸೈಕ್ಲೋಸ್ಟೈಲ್ ಕಾಗದ ಒರಟು, ಆ ಕಾಟವಿಲ್ಲ.

ದೀಪ ಇಳಿಸಿ, ಗೋಡೆಗೆ ಸುಣ್ಣ ಬಳಿಯಿರಿ. ಬಿಲ್ಲು ಏರದೆ ಕಣ್ಣು ಉಳಿಯುತ್ತೆ.